ಜಿಗಣೆ ಹಿಡಿದ ಸಾಲು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜಿಗಣೆ ಅಂತಲೇ ಕರೆಯುತ್ತಿದ್ದರು. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ. ಆಸ್ಪತ್ರೆಗಳಲ್ಲಿ ರೋಗಿಯ ಎದೆಬಡಿತ ತೋರಿಸುವ ಮಾನಿಟರುಗಳನ್ನು ಆ ಕಂಪನಿ ತಯಾರಿಸುತ್ತಿತ್ತು. ಅದರೊಳಗಿನ ಕರ್ನಲ್, ಅಂದರೆ ಎಲ್ಲ ಪ್ರೋಗ್ರಾಮುಗಳಿಗೂ ಮೆಮೊರಿ ಹಂಚಿಕೊಡುವ ಮೂಲಭಾಗ, ಅವಳ ಪಾಲಿನ ಕೆಲಸ.

ಒಂದು ಬೆಳಿಗ್ಗೆ ನರ್ಸಾಗಿದ್ದ ತಂಗಿ ಫೋನ್ ಮಾಡಿದಳು.

"ಅಕ್ಕಾ, ನಿಮ್ಮ ಮಾನಿಟರು ಮತ್ತೆ ಕಣ್ಣು ಮುಚ್ಚಿಬಿಡ್ತು. ಒಂದು ನಿಮಿಷ ಪರದೆ ಖಾಲಿ! ರೋಗಿ ಕೈ ಹಿಡ್ಕೊಂಡು ನಾಡಿ ಎಣಿಸ್ತಾ ಕೂತೆ. ಅವರಿಗೇನೂ ಆಗ್ಲಿಲ್ಲ, ನನಗೇ ಜೀವ ಬಾಯಿಗೆ ಬಂತು."

"ಎಷ್ಟು ದಿನದಿಂದ ಆಫ್ ಮಾಡದೆ ಓಡ್ತಿತ್ತು?"

"ನಲವತ್ತಾದ್ರೂ ಆಗಿರ್ಬೇಕು."

ಜಿಗಣೆಗೊಂದು ಅನುಮಾನವಿತ್ತು. ಮೆಮೊರಿಯ ಪ್ರತಿ ತುಣುಕಿಗೂ ಎರಡು ವಿಳಾಸ: ಚಿಪ್ಪಿನಲ್ಲಿ ಅದು ನಿಜಕ್ಕೂ ಇರುವ ಜಾಗದ್ದೊಂದು, ಪ್ರೋಗ್ರಾಮುಗಳು ಅದನ್ನು ಕರೆಯುವುದಕ್ಕೆ ಇನ್ನೊಂದು. ಕೋಡಿನಲ್ಲಿ ಎರಡೂ ಬರೀ ಸಂಖ್ಯೆಗಳು; ಇದು ಇಂಥದ್ದೆಂದು ಹೇಳುವ ಗುರುತು, ಅಂದರೆ ಟೈಪ್, ಎರಡಕ್ಕೂ ಒಂದೇ. ಅದಲುಬದಲಾದರೂ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುತ್ತ ತಪ್ಪು ಹಿಡಿಯುವ ಕಂಪೈಲರ್ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮೆಮೊರಿಯ ಮೊದಲ ಭಾಗದಲ್ಲಿ ಎರಡು ವಿಳಾಸವೂ ಒಂದೇ ಆದ್ದರಿಂದ, ಅದು ತುಂಬುವವರೆಗೆ ತಪ್ಪು ವಾರಗಟ್ಟಲೆ ಅಡಗಿ ಕೂರಬಹುದಿತ್ತು.

ಆ ಕೋಡನ್ನು ಇಪ್ಪತ್ತು ವರ್ಷದ ಹಿಂದೆ ಬರೆದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಜಿಗಣೆ ನೇರ ಅವರ ಮೇಜಿಗೇ ಹೋದಳು.

"ಎರಡಕ್ಕೂ ಬೇರೆ ಬೇರೆ ಟೈಪ್ ಕೊಡೋಣ ಸಾರ್. ಬೆರೆಸಿದ್ರೆ ಕಂಪೈಲರ್ ಅಲ್ಲೇ ತಡೀಲಿ."

"ಇಷ್ಟು ವರ್ಷ ಓಡಿದ ಕೋಡಮ್ಮ ಅದು. ಸುಮ್ನಿರಲಾರದೆ ಇರುವೆ ಬಿಟ್ಕೊಳ್ಳೋದ್ಯಾಕೆ?"

"ಓಡ್ತಾ ಓಡ್ತಾ ನಿಲ್ತಿದೆಯಲ್ಲ ಸಾರ್."

ಮೇಷ್ಟ್ರ ಮುಖ ಗಂಟಾಯಿತು. "ಎರಡು ವಾರ ತಗೋ. ಆಮೇಲೆ ಒಂದು ದಿನಾನೂ ಕೇಳ್ಬೇಡ."

ಟೈಪ್ ಬದಲಿಸಿದ್ದೇ ತಡ, ಕಂಪೈಲರ್ ಸಾವಿರದ ಒಂಬೈನೂರು ದೋಷಗಳನ್ನು ಕಾರಿತು. ಪಕ್ಕದ ಮೇಜಿನವನು ಇಣುಕಿ, "ಜೇನುಗೂಡಿಗೇ ಕೈ ಹಾಕಿದ್ದೀಯ," ಎಂದು ನಕ್ಕ. ಬಲವಂತದಿಂದ ಟೈಪ್ ಹೊಂದಿಸಿ ಕಂಪೈಲರಿನ ಬಾಯಿ ಮುಚ್ಚಿಸುವುದು ಸುಲಭವಿತ್ತು. ಅವಳು ಅದನ್ನು ಮಾತ್ರ ಮಾಡಲಿಲ್ಲ. ಒಂದೊಂದು ಸಾಲನ್ನೂ ಓದಿದಳು, ಯಾವ ವಿಳಾಸವೆಂದು ಖಚಿತಮಾಡಿಕೊಂಡಳು, ತಿದ್ದಿದಳು. ಬಹುತೇಕ ನಿರುಪದ್ರವಿ ಸಾಲುಗಳೇ. ಕಣ್ಣು ಉರಿದಾಗ ನೀರು ಹಾಕಿಕೊಂಡು ಬಂದು ಮತ್ತೆ ಕೂತಳು.

ಹನ್ನೊಂದನೆಯ ದಿನ ಮಧ್ಯಾಹ್ನ ಅದು ಸಿಕ್ಕಿತು. ಬಳಸಿ ಮುಗಿದ ಮೆಮೊರಿಯನ್ನು ಹಿಂದಿರುಗಿಸುವ ಜಾಗದಲ್ಲಿ, ಚಿಪ್ಪಿನ ವಿಳಾಸ ಕೊಡಬೇಕಾದಲ್ಲಿ ಪ್ರೋಗ್ರಾಮಿನ ವಿಳಾಸ. ಒಂದು ಪ್ರೋಗ್ರಾಮು ಇನ್ನೂ ಬಳಸುತ್ತಿದ್ದ ಮೆಮೊರಿ ಖಾಲಿಯೆಂದು ಮತ್ತೊಂದರ ಪಾಲಾಗುತ್ತಿತ್ತು; ಮಾನಿಟರು ನಿಲ್ಲುತ್ತಿದ್ದುದು ಅದಕ್ಕೇ. ಜಿಗಣೆ ಕುರ್ಚಿಯಿಂದ ಎದ್ದೇಬಿಟ್ಟಳು. ಆಮೇಲೆ, ಆ ಸಾಲು ಬರೆದವರು ಯಾರೆಂದು ಕೋಡಿನ ದಾಖಲೆಯಲ್ಲಿ ನೋಡಿದಳು.

ಅವಳೇ. ನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು.

ಇಷ್ಟು ದಿನ ಮನಸ್ಸಿನಲ್ಲೇ ಮೇಷ್ಟ್ರನ್ನು ಬೈದುಕೊಂಡದ್ದು ನೆನಪಾಗಿ ಕಿವಿ ಬಿಸಿಯಾಯಿತು. ಸಾವಿರದ ಒಂಬೈನೂರರಲ್ಲಿ ಇದೊಂದನ್ನೂ ಸದ್ದಿಲ್ಲದೆ ತಿದ್ದಿ ಸೇರಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಇನ್ನಷ್ಟು ನಾಚಿ, ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಸಿಕ್ತು ಸಾರ್. ತಪ್ಪು ನಂದೇ."

ಮೇಷ್ಟ್ರು ಆ ಸಾಲಿನ ದಾಖಲೆ ತೆರೆದು ನೋಡಿದರು. "ಇದನ್ನ ನೋಡಿ ಸರಿ ಅಂದೋನು ನಾನೇ ಕಣಮ್ಮ," ಎಂದರು. ಕುರ್ಚಿ ಎಳೆದುಕೊಂಡರು. "ಇನ್ನೆಷ್ಟು ಉಳಿದಿದೆ?"

"ಆರುನೂರು."

"ಅರ್ಧ ನನಗೆ ಕಳಿಸು."

ಎಲ್ಲ ಮುಗಿಯಲು ಒಟ್ಟು ಮೂರು ವಾರ ಹಿಡಿಯಿತು. ಗಡುವಿನ ಮಾತನ್ನು ಮೇಷ್ಟ್ರು ಎತ್ತಲಿಲ್ಲ. ಹತ್ತು ಮಾನಿಟರುಗಳ ಮೆಮೊರಿಯನ್ನು ಬೇಕೆಂದೇ ತುಂಬಿಸಿ ಪರೀಕ್ಷಿಸಿದರು. ಹಳೆಯ ಕೋಡಿನ ಐದೂ ಒಂದು ಗಂಟೆಯೊಳಗೆ ನಿಂತವು. ಹೊಸ ಕೋಡಿನ ಐದು ಎರಡು ತಿಂಗಳು ಬಿಡುವಿಲ್ಲದೆ ಓಡಿದವು. ಆಮೇಲೇ ಅದನ್ನು ಆಸ್ಪತ್ರೆಗಳಿಗೆ ಕಳಿಸಿದ್ದು.