ಬೇರೆ ಬೇರೆ ಕೋಣೆಯ ಲೆಕ್ಕ

ಕುಡಿಯುವ ನೀರನ್ನು ಪರೀಕ್ಷಿಸುವ ಆ ಪ್ರಯೋಗಾಲಯದ ಮುಖ್ಯಸ್ಥೆಗೆ ಸಿಬ್ಬಂದಿ ಬೆನ್ನ ಹಿಂದೆ ಇಟ್ಟ ಹೆಸರು ‘ಭೂತಗನ್ನಡಿ’. ಸಾಸಿವೆಯಷ್ಟು ತಪ್ಪೂ ಆಕೆಯ ಕಣ್ಣಿಗೆ ಕುಂಬಳಕಾಯಿ. ಅಂಥವಳು ನಾಲ್ಕು ವರ್ಷ ನೆಮ್ಮದಿಯಿಂದ ಇದ್ದದ್ದು ಒಂದು ಏರ್ಪಾಡನ್ನು ನಂಬಿ. ಗಾಜಿನ ಸ್ಲೈಡಿನ ಮೇಲಿರುವ ಪಾಚಿಯ ಎಳೆಗಳನ್ನು ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಎಣಿಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯಬಾರದು. ಎರಡೂ ಹೊಂದಿದರೆ ವರದಿಗೆ ಸಹಿ.

ಎಣಿಸುವ ಆ ಇಬ್ಬರು ಒಂದು ಕಾಲದ ಗಂಡ ಹೆಂಡತಿ. ಎರಡು ವರ್ಷದ ಹಿಂದೆ ಅವರಿಗೆ ವಿಚ್ಛೇದನವಾದಾಗ ಎಲ್ಲರೂ ಮರುಗಿದರು. ಭೂತಗನ್ನಡಿ ಮಾತ್ರ ಒಳಗೊಳಗೇ ಹಿಗ್ಗಿದಳು. ಮುಖ ಕೊಟ್ಟು ಮಾತಾಡದವರು! ಇವರಿಗಿಂತ ಸ್ವತಂತ್ರ ಸಾಕ್ಷಿಗಳು ಇನ್ನೆಲ್ಲಿ ಸಿಕ್ಕಾರು?

ಹೀಗಿರುವಾಗ, ಮರುಪರೀಕ್ಷೆಗೆಂದು ಹೊರಗಿನ ಲ್ಯಾಬಿಗೆ ಕಳಿಸಿದ್ದ ಹನ್ನೆರಡು ಸ್ಲೈಡುಗಳು ವಾಪಸಾದವು. ಅವರ ಲೆಕ್ಕ ನಲವತ್ತೇಳು ಎಂದಿದ್ದ ಕಡೆ ಇಲ್ಲಿ ಅವನದು ಮೂವತ್ತೊಂದು, ಅವಳದು ಮೂವತ್ತು. ಹನ್ನೆರಡರಲ್ಲೂ ಅದೇ ಹಾಡು.

ಆಕೆಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಸರಿಯುತ್ತರ ಒಂದೇ, ತಪ್ಪಿಗಾದರೋ ನೂರು ದಾರಿ. ಇಬ್ಬರೂ ಅದೇ ಅಡ್ಡದಾರಿ ಹಿಡಿದಿದ್ದಾರೆಂದರೆ ಜೊತೆಯಲ್ಲೇ ಹೊರಟಿರಬೇಕು. ಒಬ್ಬರು ಅಂದಾಜಿನಲ್ಲಿ ಬರೆಯುವುದು, ಇನ್ನೊಬ್ಬರು ಒಂದು ಕೂಡಿಸಿಯೋ ಕಳೆದೋ ನಕಲು ಮಾಡುವುದು. ಈ ಜಗಳವೇ ನಾಟಕವೇನೋ!

ಅಂದಿನಿಂದ ಆಕೆ ಮೈಯೆಲ್ಲ ಕಿವಿಯಾದಳು. ಹನ್ನೊಂದಕ್ಕೆ ಅವಳು ಚಹಾಕ್ಕೆ ಎದ್ದ ಎರಡು ನಿಮಿಷಕ್ಕೆ ಅವನೂ ಎದ್ದ. ಯಾಕೆ? ಕೈತೊಳೆಯುವ ಬೋಗುಣಿಯ ಹತ್ತಿರ ಅವಳು ಕೆಮ್ಮಿದಳು. ಅದು ಸನ್ನೆಯೇ? ಅವನ ಮೇಜಿನ ಕಸದ ಬುಟ್ಟಿಯಲ್ಲಿ ಸಿಕ್ಕ ಚೀಟಿಯನ್ನು ಬಿಡಿಸಿ ನೋಡಿದರೆ ಹಲ್ಲುನೋವಿನ ಮಾತ್ರೆಯ ಹೆಸರು. ನಾಚಿಕೆಯಾಯಿತು, ಆದರೆ ಸಂಶಯ ಹೋಗಲಿಲ್ಲ. ಕೊನೆಗೆ ಇಬ್ಬರ ಫೋನುಗಳನ್ನೂ ತನ್ನ ಡ್ರಾಯರಿನಲ್ಲಿಟ್ಟು, ಸ್ಲೈಡುಗಳ ಸಂಖ್ಯೆ ಅಳಿಸಿ, ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಟ್ಟು, ನಡುವಿನ ಓಣಿಯಲ್ಲಿ ತಾನೇ ಕಾವಲು ಕೂತಳು.

ಆದರೂ ಅದೇ ತಪ್ಪು. ಅಲ್ಲಿಗೆ ಆಕೆಯ ತಾಳ್ಮೆಯ ಕಟ್ಟೆಯೊಡೆಯಿತು. ಇಬ್ಬರನ್ನೂ ಒಟ್ಟಿಗೆ ಕರೆಸಿದಳು.

“ನಿಜ ಹೇಳಿಬಿಡಿ. ಯಾರು ಯಾರದ್ದು ನೋಡಿ ಬರೀತಿದೀರಿ?”

ಅವಳ ಮುಖ ಕೆಂಪಾಯಿತು. “ಯಾರ ಹಂಗೂ ಬೇಡ ಅಂತ ಬೇರೆ ಮನೆ ಮಾಡ್ದೆ ಮೇಡಂ. ನನ್ನ ಬಾಡಿಗೆ, ನನ್ನ ಬೀಗದಕೈ. ನೀವು ನೋಡಿದ್ರೆ ನನ್ನ ಲೆಕ್ಕಾನೂ ಇವ್ರದ್ದೇ ಅಂತೀರಲ್ಲ!”

“ಹನ್ನೆರಡು ವರ್ಷ ಸಂಸಾರ ಮಾಡಿದ್ವಿ,” ಎಂದ ಅವನು. “ಕಿಟಕಿ ತೆಗೀಬೇಕೋ ಮುಚ್ಚಬೇಕೋ ಅನ್ನೋದ್ರಲ್ಲೂ ಒಮ್ಮತ ಬರ್ಲಿಲ್ಲ. ಈಗ ಪಾಚಿ ವಿಷ್ಯದಲ್ಲಿ ಬರುತ್ತಾ?”

“ಹಾಗಾದ್ರೆ ಇದೇನು?” ಆಕೆ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. “ನನ್ನೆದುರೇ ಎಣಿಸಮ್ಮ.”

ಅವಳು ಬಾಯಿಬಿಟ್ಟು ಎಣಿಸತೊಡಗಿದಳು. “ಒಂದು, ಎರಡು... ಇದು ತುಂಡು, ಬಿಟ್ಟೆ. ಮೂರು... ಇದೂ ತುಂಡು.”

“ಬಿಟ್ಟೆ ಅಂದ್ರೆ? ತುಂಡಾದ್ರೂ ಒಂದು ತುದಿ ಕಂಡ್ರೆ ಎಣಿಸಬೇಕು. ಹೊರಗಿನ ಲ್ಯಾಬಿನವರ ಕಾಗದದಲ್ಲಿ ಸ್ಪಷ್ಟವಾಗಿದೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡು ವರ್ಷದಲ್ಲಿ ಅದೇ ಮೊದಲಿರಬೇಕು.

“ತುಂಡಿನ ಗೊಡವೆ ಬೇಡ ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ ಮೇಡಂ?” ಎಂದ ಅವನು ಮೆಲ್ಲಗೆ. “ನಾವು ಸೇರಿದ ಮೊದಲ ವಾರ.”

ಆಕೆ ಕಪಾಟಿನಿಂದ ನಿಯಮಾವಳಿ ತೆಗೆದು ಆ ಪುಟ ಹುಡುಕಿದಳು. ಓದಿದಳು. ಮತ್ತೆ ಓದಿದಳು. ಎರಡು ತುದಿಯೂ ಕಾಣದ ತುಂಡನ್ನು ಮಾತ್ರ ಬಿಡಬೇಕೆಂದಿತ್ತು. ಗೋಡೆ ಕಟ್ಟಿ, ಫೋನು ಕಸಿದು, ಓಣಿ ಕಾದದ್ದೆಲ್ಲ ನೀರಿನಲ್ಲಿ ಹೋಮ. ಎರಡು ಕೋಣೆಗಳಲ್ಲೂ ಕೂತಿದ್ದದ್ದು ತಾನೇ.

“ತಪ್ಪು ನನ್ನದು. ನಿಮ್ಮ ಮೇಲೆ ಅನುಮಾನ ಪಟ್ಟಿದ್ದೂ ತಪ್ಪು,” ಎಂದಳು. ಅವನು ತಲೆಯಾಡಿಸಿದ. ಅವಳು ಡ್ರಾಯರಿನಿಂದ ತನ್ನ ಫೋನು ತೆಗೆದುಕೊಂಡು ಹೊರಟುಹೋದಳು.

ಆ ಸಂಜೆಯೇ ಆಕೆ ನೀರು ಸರಬರಾಜಿನವರಿಗೆ ಪತ್ರ ಬರೆದು ನಾಲ್ಕು ವರ್ಷದ ವರದಿಗಳನ್ನು ಹಿಂದಕ್ಕೆ ಪಡೆದಳು. ಮರುಎಣಿಕೆಗೆ, ತನ್ನ ಕೈಕೆಳಗೆ ಎಂದೂ ಕಲಿಯದ ಮೂರನೆಯವರನ್ನು ಬೇರೆ ಊರಿನಿಂದ ಕರೆಸಿದಳು. ಎಣಿಸುತ್ತಿದ್ದ ಅವಳು ಮಾತ್ರ ಮುಂದಿನ ತಿಂಗಳು ಬೇರೆ ಕಡೆ ಕೆಲಸ ಹುಡುಕಿಕೊಂಡಳು.