ಲೈವ್ ಮದುವೆ

ಮರಿಸ್ವಾಮಿಯ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ತಂಗಿ ಜಯಲಕ್ಷ್ಮಮ್ಮ ಮಗಳು ಪ್ರಮೀಳಾಳ ಮದುವೆಗೆ ತಾನೇ ಬಂದು ಅರಿಶಿನ ಕುಂಕುಮ ಇಟ್ಟು ಕರೆಯದೆ, ಕಾರ್ಡನ್ನು ಯಾರದೋ ಕೈಯಲ್ಲಿ ಕಳಿಸಿದ್ದಳು. ಸೋದರಮಾವನನ್ನು ಹಾಗೆ ಕರೆಯುತ್ತಾರೆಯೇ? ಕವರನ್ನೂ ಒಡೆಯದೆ ವಾಪಸ್ಸು ಕಳಿಸಿದ. ಮದುವೆ ಯಾವ ದಿನ ಎಂದು ದೇವಲಾಪುರಕ್ಕೆಲ್ಲ ಗೊತ್ತಿತ್ತು. ಕೇಳಿದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂದು ಇವನು ಮಾತ್ರ ಯಾರನ್ನೂ ಕೇಳಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನಿಗೆ ಬುದ್ಧಿ ಹೇಳುವವರೂ ಇರಲಿಲ್ಲ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಜಗುಲಿಯಲ್ಲಿ ಕೂತಾಗ, ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಲಿಂಕು ಕಂಡಿತು: ‘ಪ್ರಮೀಳಾ ಮದುವೆ, ಲೈವ್’. ಲೈವ್ ಎಂದರೆ ಅಲ್ಲಿ ಈಗ ನಡೆಯುತ್ತಿರುವುದು ಇಲ್ಲಿ ಈಗಲೇ ಕಾಣುವುದು. ಕ್ರಿಕೆಟ್ ನೋಡಿ ಅಷ್ಟು ಅವನಿಗೆ ಗೊತ್ತಿತ್ತು. ನೋಡಬಾರದು ಅಂದುಕೊಂಡೇ ಒತ್ತಿದ.

ನಾಗಮಂಗಲದ ಛತ್ರ. ಪುರೋಹಿತರು, ಸೋದರಮಾವ ಹುಡುಗಿಯನ್ನು ಕರೆತರಲಿ ಎಂದರು. ಯಾರೋ ದೂರದ ನೆಂಟ ಮುಂದೆ ಬಂದ. ಜಯಲಕ್ಷ್ಮಮ್ಮ ಕೈ ಅಡ್ಡ ಹಿಡಿದಳು.

“ಬ್ಯಾಡ ಕಣಪ್ಪ, ಒಸಿ ತಡ್ಕಳಿ. ನಾನೇ ಓಗಿ ಕರೀದೆ ತಪ್ಪು ಮಾಡ್ದೆ. ಆದ್ರೂ ನಮ್ಮಣ್ಣ ಬತ್ತಾನೆ. ಬರ್ದೆ ಇರಾಕಿಲ್ಲ.”

ಮರಿಸ್ವಾಮಿಯ ಇಷ್ಟು ದಿನದ ಬಿಗುಮಾನ ಎಲ್ಲಿ ಹೋಯಿತೋ. ಕಾಮೆಂಟಿನಲ್ಲಿ ‘ಬತ್ತಾ ಇವ್ನಿ, ತಡೀರಿ’ ಎಂದು ಬರೆದು, ಪೆಟ್ಟಿಗೆಯಿಂದ ಬಿಳಿ ಪಂಚೆ ಎಳೆದು ಉಟ್ಟು, ಬೈಕು ಹತ್ತಿದ. ದಾರಿಯುದ್ದಕ್ಕೂ “ತಡ್ಕಳವ್ವ, ಬಂದೆ” ಎಂದು ಒಬ್ಬನೇ ಹೇಳಿಕೊಳ್ಳುತ್ತಾ ಹೋದ.

ಛತ್ರದ ಮುಂದೆ ಒಂದು ಗಾಡಿಯೂ ಇರಲಿಲ್ಲ. ಒಳಗೆ ಕೆಲಸದ ಮಾಯಮ್ಮ ನೆಲ ತೊಳೆಯುತ್ತಿದ್ದಳು.

“ಮದ್ವೆ ಎಲ್ಲಮ್ಮ?”

“ಅದು ನೆನ್ನೆನೇ ಮುಗೀತಲ್ಲ.”

“ಈಗ್ತಾನೆ ಲೈವಲ್ಲಿ ನೋಡ್ದೆ ಕಣಮ್ಮ.”

“ಮುಗುದ್ಮ್ಯಾಲೂ ಅದು ಅಲ್ಲೇ ಬಿದ್ದಿರ್ತದೆ ಕಣಣ್ಣ. ಲೈವ್ ಅನ್ನೋ ಎಸ್ರೂ ಅಂಗೇ ಇರ್ತದೆ,” ಎಂದು ಮಾಯಮ್ಮ ಕುರ್ಚಿ ಎಳೆದು ಕೊಟ್ಟಳು.

ಅವನು ಕೂತು, ಬಿಟ್ಟುಬಂದ ಕಡೆಯಿಂದ ವಿಡಿಯೊ ಮುಂದುವರಿಸಿದ. ಜಯಲಕ್ಷ್ಮಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಮತ್ತೆ ಮತ್ತೆ ಎಚ್ಚರಿಸಿದರು. ಬೇರೆಯವರು ಹುಡುಗಿಯ ಕೈ ಹಿಡಿದು ಕರೆತರಲು ಅವಳು ಕೊನೆಗೂ ಒಪ್ಪಲಿಲ್ಲ.

ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗಳಿಗೆ ತಲೆಯಾಡಿಸಿದಳು. ಪ್ರಮೀಳಾ ಪಕ್ಕದಲ್ಲಿ ಯಾರೂ ಇಲ್ಲದೆ, ಒಬ್ಬಳೇ ನಡೆದು ಬಂದು ಹಸೆಮಣೆಯ ಮೇಲೆ ಕೂತಳು.