ಹದಿನೈದು ದಿನ ಕಿತ್ತು ಹೊಲಿಯಹೊರಟವರು

ಕೈಗೆ ಸಿಕ್ಕ ಕಾಗದವನ್ನು ಮಡಿಸದೆ ಬಿಡುವ ಜಾಯಮಾನ ಅವರದಾಗಿರಲಿಲ್ಲ. ಬಸ್ಸಿನ ಟಿಕೆಟ್ಟಾಗಲಿ, ವೈದ್ಯರ ಚೀಟಿಯಾಗಲಿ, ಶಾಲೆಯಿಂದ ಬಂದ ಸುತ್ತೋಲೆಯಾಗಲಿ, ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ, ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಗೀರಿ, ಅದಕ್ಕೊಂದು ಪುಟ್ಟ ಪುಸ್ತಕದ ಆಕಾರ ಬಂದ ಮೇಲೆಯೇ ಅವರಿಗೆ ಸಮಾಧಾನ. ಓದಬೇಕಾದರೆ ಅದನ್ನು ಮತ್ತೆ ಬಿಡಿಸಬೇಕಲ್ಲ ಎಂಬುದು ಅವರ ಮಟ್ಟಿಗೆ ಕ್ಷುಲ್ಲಕ ಪ್ರಶ್ನೆ.

ಶಾಲೆಯ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವರು ಬೈಂಡರ್. ಆಳೆತ್ತರದ ಪುಸ್ತಕದ ರಾಶಿಗಳ ಸಂದಿಯಲ್ಲಿ ಓಡಾಡಿ ಓಡಾಡಿ ಅವರ ನಡಿಗೆಯೇ ಓರೆಯಾಗಿಬಿಟ್ಟಿತ್ತು. ಮೈದಾನದಂಥ ರಸ್ತೆಯಲ್ಲೂ ಎಡಭುಜವನ್ನು ಮುಂದೆ ಮಾಡಿಕೊಂಡೇ ಬರುತ್ತಿದ್ದರು. ಅವರ ಕಂದು ಕೋಟಿನ ತೋಳುಗಳ ಮೇಲೆ ವರ್ಷಾನುವರ್ಷದ ಅಂಟು ಒಣಗಿ, ಗೂಟಕ್ಕೆ ತಗುಲಿಹಾಕಿದರೂ ಆ ಕೋಟು ಯಾರಿಗೋ ಕೈಕುಲುಕಲು ಹೊರಟಂತೆ ಮೊಣಕೈ ಬಾಗಿಸಿ ನಿಂತಿರುತ್ತಿತ್ತು. ಜಗಳಕ್ಕೆ ಇಳಿಯುವ ಮುನ್ನ “ತಾವು ತಪ್ಪು ತಿಳೀಬಾರದು” ಎನ್ನುವುದು ಅವರ ಶಂಖನಾದ. ಅದು ಕೇಳಿಬಂದರೆ ಶಾಲೆಯ ಪೋಷಕರ ಸಭೆಯಲ್ಲಿ ಹಿಂದಿನ ಸಾಲಿನವರು ಮೆಲ್ಲಗೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆ ಸಭೆಯಲ್ಲಿ ಅವರಿಗೆ ಬಿದ್ದ ಅಡ್ಡಹೆಸರು ರಜೆಯಪ್ಪ. ವರ್ಷಕ್ಕೊಮ್ಮೆ ಮುಂದಿನ ವರ್ಷದ ರಜೆಗಳ ಬಗ್ಗೆ ಅಲ್ಲಿ ಕೈ ಎತ್ತಿಸಿ ತೀರ್ಮಾನಿಸುವುದು ಪದ್ಧತಿ. ಎಂಟು ವರ್ಷಗಳಿಂದ ರಜೆಯಪ್ಪನವರದು ಒಂದೇ ಸವಾಲು: ದೊಡ್ಡ ರಜೆಯಿಂದ ಹದಿನೈದು ದಿನ ತೆಗೆದು, ಶಾಲೆ ಶುರುವಾದ ನಾಲ್ಕನೆಯ ತಿಂಗಳಿಗೆ ಹಾಕಬೇಕು. ಎಂಟು ವರ್ಷವೂ ಸೋಲು. ದರ್ಜಿಯೊಬ್ಬರು ರಜೆ ಎಂಬುದೇ ಬೇಡ, ತಮ್ಮ ಇಬ್ಬರು ಗಂಡುಮಕ್ಕಳು ಮನೆಯಲ್ಲಿದ್ದರೆ ಕತ್ತರಿಗೂ ಬಟ್ಟೆಗೂ ಉಳಿಗಾಲವಿಲ್ಲ ಎಂದು ವಾದಿಸುತ್ತಿದ್ದರು. ಆಸ್ಪತ್ರೆಯ ದಾದಿಯೊಬ್ಬರಿಗೆ ಇಡೀ ರಜೆಯನ್ನು ಚೂರು ಚೂರು ಮಾಡಿ ಎಲ್ಲ ಶುಕ್ರವಾರಗಳಿಗೆ ಹಂಚಬೇಕಿತ್ತು. ಮೊಮ್ಮಗನ ಪರವಾಗಿ ಬರುತ್ತಿದ್ದ ಅಜ್ಜಿಯೊಬ್ಬರು, ಅವನು ತಮ್ಮ ಜೊತೆಗಿರಲು ಈಗಿರುವ ಎರಡು ತಿಂಗಳೇ ಸಾಲದು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಮಹಾರಥಿಗಳ ನಡುವೆ ನಮ್ಮ ಬೈಂಡರು ಓರೆಯಾಗಿ ನುಗ್ಗುತ್ತಿದ್ದರು, ಓರೆಯಾಗಿಯೇ ಹಿಂದಿರುಗುತ್ತಿದ್ದರು.

ಅವರ ಕಷ್ಟ ಇಷ್ಟೆ. ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಸಿದ್ಧವಿರಬೇಕಾದರೆ, ಶಾಲೆ ಮುಚ್ಚಿದ್ದಾಗ ಬೈಂಡರು ದುಡಿಯಬೇಕು. ಪ್ರೆಸ್ಸು ಅವರಿಗೆ ಬಿಡುವು ಕೊಡುತ್ತಿದ್ದುದು ಆ ನಾಲ್ಕನೆಯ ತಿಂಗಳಲ್ಲಿ, ಮಗಳು ಬೆಂಚಿನ ಮೇಲೆ ಕೂತು ಅವರೇ ಹೊಲಿದ ಪುಸ್ತಕ ಓದುತ್ತಿರುವಾಗ. ಪ್ರತಿ ದೊಡ್ಡ ರಜೆಯಲ್ಲಿ ಹೆಂಡತಿ, ಮಗಳು ಕೆರೆಯ ಪಕ್ಕದ ಅಜ್ಜಿಮನೆಗೆ ಹೋಗುತ್ತಿದ್ದರು. ಮಗಳ ಹಾಲುಹಲ್ಲು ಬಿದ್ದದ್ದು ಅಲ್ಲಿ, ಸೈಕಲ್ ಕಲಿತದ್ದು ಅಲ್ಲಿ, ಈಜು ಕಲಿತದ್ದೂ ಅಲ್ಲೇ. ಅಪ್ಪನಿಗೆ ಎಲ್ಲವೂ ಕೇಳಿ ಗೊತ್ತು. ರಜೆ ಮುಗಿಸಿ ಬಂದವಳು ಪ್ರತಿ ಸಲ ಬಾಗಿಲಲ್ಲಿ ಸ್ವಲ್ಪ ಬೇರೆ ಹುಡುಗಿಯಾಗಿ ನಿಲ್ಲುತ್ತಿದ್ದಳು, ಇವರು ಅರೆಕ್ಷಣ ದಿಟ್ಟಿಸಿ ಆಮೇಲೆ ನಗುತ್ತಿದ್ದರು. ಒಂದೇ ಒಂದು ಸಲ ಆ ಕೆರೆಯ ದಂಡೆಯಲ್ಲಿ ಕೂತು ಅವಳು ಈಜುವುದನ್ನು ನೋಡಬೇಕು. ಇನ್ನು ಉಳಿದದ್ದು ಒಂದೇ ವರ್ಷ. ಅದಾದ ಮೇಲೆ ಅವಳು ಓದಲು ಬೇರೆ ಊರಿಗೆ ಹೊರಡುವವಳು.

ಒಂಬತ್ತನೆಯ ವರ್ಷ ಗೆಲುವು ಅಂಗೈಯಲ್ಲಿತ್ತು. ಮುಖ್ಯೋಪಾಧ್ಯಾಯಿನಿ ಸಭೆಗೆ ಮೊದಲೇ ಮನೆಮನೆಗೆ ಅಭಿಪ್ರಾಯದ ಚೀಟಿ ಕಳಿಸಿದರು. “ನಾಲ್ಕನೆಯ ತಿಂಗಳಲ್ಲಿ ಹದಿನೈದು ದಿನ ರಜೆ ಬೇಕೆ?” ಮುಕ್ಕಾಲು ಪಾಲು ಬೇಕೆಂದಿತು. ಇನ್ನೇನು ಅನುಮಾನ ಎಂದು ಆಕೆ ಶಾಲೆಯ ಡೈರಿಯನ್ನು ಹೊಸ ರಜೆಯ ಸಮೇತ ಬೈಂಡರ ಪ್ರೆಸ್ಸಿನಲ್ಲೇ ಅಚ್ಚಿಗೆ ಕೊಟ್ಟೇಬಿಟ್ಟರು. ನಾನೂರ ಹನ್ನೆರಡು ಡೈರಿಗಳನ್ನು ಬೈಂಡರು ಆ ವಾರ ಮದುವೆಯಂಥ ಸಡಗರದಲ್ಲಿ ಹೊಲಿದರು. ಸಭೆಯ ದಿನ ಕೋಟಿಗೆ ಹೊಸ ಗುಂಡಿಯೂ ಬಂತು.

ಸಭೆಯಲ್ಲಿ ದರ್ಜಿ ಎದ್ದು ನಿಂತರು. “ಒಂದು ಮಾತು. ಇದು ಹೆಚ್ಚಿಗೆ ಹದಿನೈದು ದಿನ ತಾನೇ? ದೊಡ್ಡ ರಜೆ ಹಾಗೇ ಇರುತ್ತಲ್ಲ?”

ಇಡೀ ಸಭೆ ಬೈಂಡರತ್ತ ತಿರುಗಿತು. ಅಲ್ಲಿದ್ದ ಅರ್ಧ ಜನ ಹಾಗೆಂದೇ ತಿಳಿದು ಒಪ್ಪಿದ್ದರು. ಆ ಗಳಿಗೆಯಲ್ಲಿ ಬೈಂಡರು ಸುಮ್ಮನಿದ್ದಿದ್ದರೆ ಸಾಕಿತ್ತು, ಕೆಮ್ಮಿದ್ದರೂ ಸಾಕಿತ್ತು. ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

“ತಾವು ತಪ್ಪು ತಿಳೀಬಾರದು,” ಎಂದರು ಮೆಲ್ಲಗೆ. “ಹೆಚ್ಚಿಗೆ ಏನಿಲ್ಲ. ಅಲ್ಲಿಂದ ಕಿತ್ತು ಇಲ್ಲಿ ಹೊಲಿಯೋದು.”

“ಅಯ್ಯೋ, ನನ್ನ ಮೊಮ್ಮಗನ್ನ ಕಿತ್ಕೊಳ್ತಾನಲ್ಲಪ್ಪ ಇವನು,” ಎಂದರು ಅಜ್ಜಿ. ನಾಲ್ಕು ಕೈಗಳ ಅಂತರದಿಂದ ರಜೆ ಬಿದ್ದುಹೋಯಿತು.

ಅಚ್ಚಾದ ಡೈರಿಗಳನ್ನು ಎಸೆಯುವಂತಿರಲಿಲ್ಲ. ಹಾಗಾಗಿ ಹೆಬ್ಬೆಟ್ಟಿನಗಲದ ತಿದ್ದುಪಡಿ ಚೀಟಿ ಅಚ್ಚಾಯಿತು: “ಎಂದಿನಂತೆ ತರಗತಿಗಳು.” ಅದನ್ನು ಒಂದೊಂದು ಡೈರಿಯ ಆ ಪುಟದ ಮೇಲೆ ಅಂಟಿಸುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ತಮ್ಮ ಹದಿನೈದು ದಿನಗಳ ಮೇಲೆ ತಾವೇ ಅಂಟು ಹಚ್ಚಿ, ಅಂಗೈಯಿಂದ ಒತ್ತಿ, ಗುಳ್ಳೆ ಏಳದಂತೆ ಸವರಿ, ನಾನೂರ ಹನ್ನೊಂದು ಡೈರಿ ಮುಗಿಸಿದರು. ನಾನೂರ ಹನ್ನೆರಡನೆಯದು ಮಗಳಿಗೆಂದು ಎತ್ತಿಟ್ಟದ್ದು. ಇಪ್ಪತ್ತೆರಡು ವರ್ಷದ ವೃತ್ತಿಧರ್ಮ ಅಲ್ಲಿ ಮೊದಲ ಸಲ ಜಾರಿತು. ಉಳಿದ ಚೀಟಿಯನ್ನು ಎಂಟಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ನಾಲ್ಕನೆಯ ತಿಂಗಳ ಆ ಸೋಮವಾರ ಬಂತು. ಬೈಂಡರು ಬೆಳಿಗ್ಗೆಯೇ ಎದ್ದು ಅಜ್ಜಿಮನೆಯ ಊರಿನ ಬಸ್ಸಿಗೆಂದು ಚೀಲ ಕಟ್ಟಿ, ಕೋಟು ತೊಟ್ಟು, ನಡುಮನೆಯಲ್ಲಿ ಕೂತರು. ಮಗಳು ಬೂಟು ಹಾಕಿಕೊಂಡು, ಪುಸ್ತಕದ ಚೀಲ ಹೊತ್ತು ಹೊರಬಂದಳು.

“ಇವತ್ತು ರಜೆ ಅಲ್ವೇನಮ್ಮ? ನಿನ್ನ ಡೈರಿ ನೋಡು.”

“ನಂದಕ್ಕೆ ಚೀಟಿ ಅಂಟಿಸೋದು ಮರ್ತಿದ್ರು ಅಪ್ಪ. ನಾನೇ ಪೆನ್ಸಿಲಲ್ಲಿ ತಿದ್ಕೊಂಡೆ.” ಪುಟ ತೆರೆದು ತೋರಿಸಿದಳು. ಚೀಟಿಯಲ್ಲಿದ್ದ ಅದೇ ಮಾತು, ಅಪ್ಪನ ಕೈಕೆಲಸದಷ್ಟೇ ನೆಟ್ಟಗಿನ ಅಕ್ಷರದಲ್ಲಿತ್ತು. ಆಮೇಲೆ ಅವಳ ಕಣ್ಣು ಮೂಲೆಯಲ್ಲಿದ್ದ ಚೀಲದ ಮೇಲೆ ಬಿತ್ತು, ಕೋಟಿನ ಮೇಲೆ ಬಿತ್ತು. ಬಾಗಿ, ಕಟ್ಟಿದ್ದ ಬೂಟಿನ ದಾರವನ್ನೇ ಮತ್ತೆ ಬಿಚ್ಚಿ ಕಟ್ಟಿದಳು. “ಪರೀಕ್ಷೆ ಇದೆ ಅಪ್ಪ. ಸಂಜೆ ಗೇಟಿನ ಹತ್ರ ಬರ್ತೀಯಾ? ಸುತ್ತು ದಾರೀಲಿ ಬರೋಣ.”

ಹದಿನೈದು ದಿನವೂ ಸಂಜೆ ಅವರು ಗೇಟಿನ ಬಳಿ ಹಾಜರ್. ಹತ್ತು ನಿಮಿಷದ ದಾರಿಯನ್ನು ಅಪ್ಪ ಮಗಳು ಮೊದಲು ಅರ್ಧ ಗಂಟೆಗೆ, ಆಮೇಲೆ ಒಂದು ಗಂಟೆಗೆ ಹಿಗ್ಗಿಸಿದರು. ಒಂದು ಸಂಜೆ, ಮುಚ್ಚಿದ ಅಂಗಡಿಯೊಂದರ ಮುಂದಿನ ಖಾಲಿ ಜಾಗದಲ್ಲಿ, ಅವಳು ಚೀಲವನ್ನು ಅಪ್ಪನ ಹೆಗಲಿಗೆ ಹಾಕಿ, ಕಾಲು ಅಗಲಿಸಿ ನಿಂತು, ತಾನು ಹೇಗೆ ಈಜುತ್ತೇನೆಂದು ಬರಿಗಾಳಿಯಲ್ಲಿ ಕೈ ಬೀಸಿ ತೋರಿಸಿದಳು. ಎಲ್ಲಿ ತಲೆ ಹೊರಳಿಸಿ ಉಸಿರು ತೆಗೆಯಬೇಕೆಂಬುದನ್ನು ಎರಡೆರಡು ಸಲ. ಬೈಂಡರು ನೇರವಾಗಿ, ಎರಡೂ ಭುಜಗಳನ್ನು ಅವಳತ್ತ ಮಾಡಿ ನಿಂತು ನೋಡಿದರು. ಅವಳು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

ಊರಿಗೆಲ್ಲ ಬಿಡುವಾದಾಗ ದುಡಿಯುವ ಇಂಥ ಜನ ಎಲ್ಲ ಕಡೆಯೂ ಇರುತ್ತಾರೆ. ಅವರ ಮಕ್ಕಳು ಅವರ ಬೆನ್ನ ಹಿಂದೆ ಬೆಳೆಯುತ್ತಾರೆ; ಬೆಳೆದದ್ದರ ವರದಿ ಮಾತ್ರ ಅವರಿಗೆ ತಲುಪುತ್ತದೆ. ಅವರು ಸಭೆಯಲ್ಲಿ ಎದ್ದು ನಿಂತಾಗ ನಾವು ಗಡಿಯಾರ ನೋಡುತ್ತೇವೆ. ಅವರು ಕೇಳುತ್ತಿರುವುದು ರಜೆಯನ್ನಲ್ಲ, ಕಳೆದುಹೋಗುತ್ತಿರುವ ಒಂದು ಬಾಲ್ಯದಲ್ಲಿ ಕೂರಲು ಒಂದಿಷ್ಟು ಜಾಗವನ್ನು ಎಂಬುದು ನಮಗೆ ತಿಳಿಯುವ ಹೊತ್ತಿಗೆ, ನಾವು ಅವರ ವಿರುದ್ಧ ಎತ್ತಿದ್ದ ಕೈ ಕೆಳಗಿಳಿದಿರುತ್ತದೆ.